ಸಂಶಯದ ಗಿರಾಕಿಗಳೂ ಒಂದು ಕಿವಿಯ ವಯರೂ

ಇಂಥವೆಲ್ಲ ನಮ್ಮ ಅಂಗಡಿಯಲ್ಲೇ ಯಾಕೆ ಆಗುತ್ತಿದ್ದವೋ ನನಗೆ ಇವತ್ತಿಗೂ ತಿಳಿದಿಲ್ಲ. ಪಕ್ಕದಲ್ಲಿ ಬೆಲ್ಲದ ಅಂಗಡಿ ಇತ್ತು, ಎದುರಿಗೆ ಪಾತ್ರೆಯ ಅಂಗಡಿ ಇತ್ತು. ಅಲ್ಲಿ ಜನ ಬರುತ್ತಿದ್ದರು, ಕೊಳ್ಳುತ್ತಿದ್ದರು, ಹೋಗುತ್ತಿದ್ದರು. ನಮ್ಮಲ್ಲಿಗೆ ಬಂದವರು ಮಾತ್ರ ಮೊದಲು ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಆಮೇಲೆ ಸಾಮಾನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ "ಇದರಾಗ ಏನೋ ಐತಿ" ಎಂದು ತಲೆಯಾಡಿಸುತ್ತಿದ್ದರು.

ಬಳ್ಳಾರಿಯಲ್ಲಿ, ಕೋಟೆ ಗುಡ್ಡದ ಕಾವು ಬಂದು ಮುಖಕ್ಕೆ ಬಡಿಯುವ ಓಣಿಯೊಂದರಲ್ಲಿ ನಮ್ಮ ಮನೆಯವರು ಆ ಅಂಗಡಿ ಇಟ್ಟಿದ್ದರು. ಎಪ್ಪತ್ತು ಮುಗಿದು ಎಂಬತ್ತು ಶುರುವಾಗುವ ಕಾಲ. ಪರದೆಯ ಹಿಂದೆ ಅವರು ರೇಡಿಯೋ, ಗ್ರಾಮಫೋನು, ಟೇಪ್‌ರೆಕಾರ್ಡರುಗಳ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದರು. ಮುಂದೆ ಕೌಂಟರಿನಲ್ಲಿ ನಾನು. ಹಾಡು ಕೇಳುವವರಿಗೆ ಬೇಕಾಗುವ, ಮತ್ತು ಬೇಡವಾದರೂ ನಮ್ಮ ಮನೆಯವರು ಮದ್ರಾಸಿನಿಂದ ಪ್ರೀತಿಯಿಂದ ಹೊತ್ತು ತಂದ, ಎಲ್ಲ ಸಣ್ಣಪುಟ್ಟ ಸಾಮಾನು ನನ್ನ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಅವುಗಳ ಬಗ್ಗೆ ನನಗೂ ಸಂಶಯವೇ. ಆದರೆ ಮಾರುವವಳು ಸಂಶಯ ತೋರಿಸುವ ಹಾಗಿಲ್ಲವಲ್ಲ!

ಅಂಗಡಿಯ ಜಾಗ ಮಾತ್ರ ನಮ್ಮದಲ್ಲ, ಭಾವನವರದು. ಅಂದರೆ ನಮ್ಮ ಮನೆಯವರ ಅಣ್ಣ. ಸಿರುಗುಪ್ಪದಲ್ಲಿ ಅವರ ಅಕ್ಕಿ ಗಿರಣಿ ಇತ್ತು. ಸದಾ ನಸ್ಯ ಏರಿಸುತ್ತಿದ್ದರು, ಸದಾ ಯಾರ ಮೇಲಾದರೂ ಸಂಶಯಪಡುತ್ತಿದ್ದರು. ಆ ವರ್ಷ ಉಗಾದಿಗೆ ಹೋದಾಗ ಊಟದ ಎಲೆ ಮುಂದೆ ಕೂತೇ ಹೇಳಿಬಿಟ್ಟರು: "ಹಾಡು ಕೇಳಿ ಯಾರೂ ಉದ್ಧಾರ ಆಗಿಲ್ಲ ತಮ್ಮಾ. ದೀಪಾವಳಿ ತನಕ ನೋಡ್ತೀನಿ. ಆಮ್ಯಾಲ ಆ ಜಾಗಾ ಜವಳಿ ಸಾಹುಕಾರಗ ಕೊಡ್ತೀನಿ. ನೀ ಬಂದು ಇಲ್ಲೇ ಗಿರಣ್ಯಾಗ ಚೀಲ ನೋಡ್ಕೊಂಡಿರು."

ನಮ್ಮ ಮನೆಯವರು ಅನ್ನ ಕಲಸುವುದನ್ನೇ ಬಿಟ್ಟರು. ರೇಡಿಯೋ ಕೆಮ್ಮಿದರೆ ಎಲ್ಲಿ ನೋವು ಎಂದು ಪರದೆಯ ಹಿಂದಿನಿಂದಲೇ ಹೇಳುವ ಮನುಷ್ಯ ಅವರು. ತೌಡಿನ ಧೂಳಿನಲ್ಲಿ ಚೀಲ ಎಣಿಸುತ್ತ ಕೂತರೆ ವರ್ಷ ತುಂಬುವುದರೊಳಗೆ ಬಾಡಿ ಹೋಗುತ್ತಾರೆ ಎಂದು ನನಗೆ ಅನಿಸಿತು. ಹೇಗಾದರೂ ದೀಪಾವಳಿಯ ತನಕ ಅಂಗಡಿಗೆ ಒಂದು ಕೆಟ್ಟ ಹೆಸರು ಬಾರದಂತೆ ನೋಡಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡೆ.

ಭಾವನವರು ನಮ್ಮನ್ನು ನಂಬಿ ಸುಮ್ಮನೆ ಕೂರುವವರಲ್ಲ. ವಾರಕ್ಕೊಮ್ಮೆ ತಮ್ಮ ಗುಮಾಸ್ತರನ್ನು ಬಳ್ಳಾರಿ ಬಸ್ಸಿಗೆ ಹತ್ತಿಸುತ್ತಿದ್ದರು. ಆ ಗುಮಾಸ್ತರು ಬಂದು, "ಸುಮ್ನ ಈ ಕಡೆ ಬಂದಿದ್ದೆರೀ ಅಕ್ಕಾ" ಎಂದು ಮೂಲೆಯ ಸ್ಟೂಲಿನ ಮೇಲೆ ಕೂತರೆ, ಕಣ್ಣು ಎಲ್ಲ ಕಡೆ, ಕಿವಿ ಎಲ್ಲ ಕಡೆ. ಹೋಗುವಾಗ ಮಾತ್ರ ಪ್ರತಿ ಸಲ ಒಂದು ಇಯರ್‌ಫೋನು ಕೊಳ್ಳುತ್ತಿದ್ದರು. ಟ್ರಾನ್ಸಿಸ್ಟರಿಗೆ ಸಿಕ್ಕಿಸಿ ಒಂದೇ ಕಿವಿಯಲ್ಲಿ ಕೇಳುವಂಥದ್ದು; ನಮ್ಮ ಕಡೆ ಎಲ್ಲರೂ ಕಿವಿ ವಯರು ಅನ್ನುತ್ತಿದ್ದರು. ಸಿಕ್ಕಿಸಿದರೆ ರೇಡಿಯೋ ಹೊರಗೆ ಮೂಕವಾಗುತ್ತದೆ, ಹಾಡು ಕಿವಿಯೊಳಗೆ ಮಾತ್ರ. "ಯಾರಿಗ್ರೀ ಇದು?" ಎಂದು ಕೇಳಿದರೆ "ನನಗ್ರೀ" ಎನ್ನುತ್ತಿದ್ದರು. ಅವರ ಮನೆಯಲ್ಲಿ ರೇಡಿಯೋ ಇಲ್ಲ ಎಂಬುದು ನನಗೆ ಗೊತ್ತಿತ್ತು.

ಮುಳ್ಳಿನ ಗುರುತು

ಕುರುಗೋಡಿನಿಂದ ಒಬ್ಬ ಗೌಡರು ಬರುತ್ತಿದ್ದರು. ದೊಡ್ಡ ಮೀಸೆ, ದೊಡ್ಡ ರುಮಾಲು, ಮನೆಯಲ್ಲಿ ತಂದೆಯ ಕಾಲದ ಕೀಲಿ ಕೊಡುವ ಗ್ರಾಮಫೋನು. ಅದಕ್ಕೆ ಹಾಕುವ ಉಕ್ಕಿನ ಸೂಜಿಯನ್ನು ಪ್ರತಿ ಪ್ಲೇಟಿಗೂ ಬದಲಿಸಬೇಕು, ಇಲ್ಲದಿದ್ದರೆ ಪ್ಲೇಟು ಗೀರಿ ಹೋಗುತ್ತದೆ. ಇದನ್ನು ಹೇಳಿದ ದಿನವೇ ಗೌಡರಿಗೆ ನಮ್ಮ ಮೇಲೆ ಸಂಶಯ ಬಂತು.

"ಒಂದ್ ಹಾಡಿಗೆ ಒಂದ್ ಸೂಜಿ? ನಮ್ಮ ದರ್ಜಿ ಒಂದ್ ಸೂಜ್ಯಾಗ ಊರಿಗೆಲ್ಲಾ ಅಂಗಿ ಹೊಲಿತಾನಲ್ಲಬೇ ತಂಗಿ!"

ಸೂಜಿ ಕೊಳ್ಳದೆ ಎದ್ದು ಹೋದರು. ಮುಂದಿನ ಸಲ ಬಂದಾಗ ಮುಖದ ಮೇಲೆ ಗೆದ್ದ ಕಳೆ. ಹೊಲದ ಬದುವಿನ ಜಾಲಿ ಮುಳ್ಳು ಸಿಕ್ಕಿಸಿ ನೋಡಿದ್ದಾರೆ, ಹಾಡು ಬಂದಿದೆ! ನಾನು ನಗಬೇಕೆಂದು ಬಾಯಿ ತೆರೆಯುವುದರಲ್ಲಿದ್ದೆ, ಪರದೆಯ ಹಿಂದಿನಿಂದ ನಮ್ಮ ಮನೆಯವರು ಓಡಿ ಬಂದರು. "ಹೌದ್ರೀ ಗೌಡ್ರ, ಮುಳ್ಳಿನಿಂದ ದನಿ ಮೆತ್ತಗ ಬರ್ತೈತಿ, ಪ್ಲೇಟೂ ಸವೆಯಂಗಿಲ್ಲ. ಆದ್ರ ತುದಿ ಓರೆ ಕತ್ತರಿಸ್ಬೇಕು" ಎಂದು ಒಂದು ಪುಟ್ಟ ಕತ್ತರಿ ತೋರಿಸಿದರು. ಮುಳ್ಳಿನ ತುದಿ ಹೆರೆಯುವುದಕ್ಕೆಂದೇ ಮಾಡಿದ ಕತ್ತರಿಯಂತೆ. ಅದನ್ನು ಯಾವಾಗ ತಂದಿದ್ದರೋ ದೇವರೇ ಬಲ್ಲ.

ಗೌಡರು ಖುಷಿಯಾಗಿ ಮನೆಗೆ ಹೋಗಿ ಒಂದು ಕೈಚೀಲದ ತುಂಬ ಮುಳ್ಳು ತಂದು ಸುರಿದರು. ನಮ್ಮ ಮನೆಯವರು ಊಟ ಬಿಟ್ಟು ಕೂತು ಒಂದೊಂದನ್ನೇ ಹೆರೆದರು. ಅವರ ಬೆರಳಿಗೆ ಚುಚ್ಚಿದ್ದಕ್ಕೆ ಅರಿಶಿಣ ಹಚ್ಚಿದವಳು ನಾನು. ಗುಮಾಸ್ತರು ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೋಡಿ, "ಅಂಗಡ್ಯಾಗ ಈಗ ಮುಳ್ಳು ಇಟ್ಟೀರೇನ್ರೀ?" ಎಂದು ಕೇಳಿ, ಒಂದು ಕಿವಿ ವಯರು ಕೊಂಡು ಹೋದರು. ಇದು ಸಿರುಗುಪ್ಪ ಮುಟ್ಟುವ ಹೊತ್ತಿಗೆ ಏನಾಗುತ್ತದೋ ಎಂದು ನನಗೆ ಭಯ.

ವಾರದ ಮೇಲೆ ಗೌಡರು ಬಂದರು. ಹೆರೆದ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹೋಗಿ, ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ತಂಗೀ, ಸಿಟ್ಟಾಗಬ್ಯಾಡ. ನಾ ಕೊಟ್ಟದ್ದು ನಮ್ಮ ಎರಿಹೊಲದ ಮುಳ್ಳು. ಇವು ಆ ಬಣ್ಣ ಇಲ್ಲ. ಒಳ್ಳೇವು ನೀವು ಇಟ್ಕೊಂಡು, ನನಗ ಬ್ಯಾರೆ ಮುಳ್ಳು ಕೊಟ್ಟೀರಿ."

ಹಸಿರು ಕಣ್ಣು

ರಾರಾವಿಯಿಂದ ಒಬ್ಬ ಅವ್ವ ಬಂದಳು. ಜೊತೆಗೆ ಅವಳ ಗಂಡ, ತಲೆಯ ಮೇಲೆ ಹೊತ್ತ ದೊಡ್ಡ ಹಳೆಯ ರೇಡಿಯೋ. ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಒಳಗಿನ ಒಂದೊಂದು ಬಲ್ಬಿಗೂ ಕುಂಕುಮ ಹಚ್ಚಿತ್ತು. "ಪೂಜಿ ಮಾಡೀರೇನವ್ವಾ?" ಎಂದೆ.

"ಪೂಜಿ ಅಲ್ಲ, ಗುರುತು. ನೀವು ಬದಲಿ ಮಾಡಬಾರದಂತ" ಎಂದಳು ಅವ್ವ, ಮುಚ್ಚುಮರೆ ಇಲ್ಲದೆ.

ನಮ್ಮ ಮನೆಯವರು ರೇಡಿಯೋ ಹಚ್ಚಿದರು. ಚೆನ್ನಾಗಿಯೇ ಹಾಡಿತು. "ಏನು ಕೆಟ್ಟೈತ್ರೀ?" ಎಂದರು.

"ಕೆಟ್ಟಿಲ್ಲ. ಆ ಕಣ್ಣು ಕಿತ್ತುಹಾಕ್ರಿ."

ಆ ಕಾಲದ ದೊಡ್ಡ ರೇಡಿಯೋಗಳ ಮುಂದೆ ಹಸಿರು ಬೆಳಕಿನ ಒಂದು ಕಣ್ಣು ಇರುತ್ತಿತ್ತು. ಸ್ಟೇಷನ್ನು ಸರಿಯಾಗಿ ಸಿಕ್ಕರೆ ಅದರ ಎರಡು ರೆಪ್ಪೆ ಹತ್ತಿರ ಬರುತ್ತಿದ್ದವು, ತಪ್ಪಿದರೆ ಅಗಲವಾಗುತ್ತಿದ್ದವು. ಅವ್ವ ಅದನ್ನು ಬಹಳ ದಿನದಿಂದ ಗಮನಿಸುತ್ತಿದ್ದಾಳೆ. ಗಂಡಸರು ಎದುರಿಗೆ ಕೂತಾಗ ಸುಮ್ಮನೆ ಇರುತ್ತದಂತೆ. ಸೊಸೆಯಂದಿರು ಕಸ ಗುಡಿಸಲು ಬಂದರೆ ಕಣ್ಣು ಹೊಡೆಯುತ್ತದಂತೆ!

"ಅದಕ್ಕೇನು ಜೀವ ಐತೇನವ್ವಾ, ಸ್ಟೇಷನ್ ಹಿಡಿಯಾಕ ಇಟ್ಟಾರ" ಎಂದು ನಮ್ಮ ಮನೆಯವರು ತಿಳಿಸಿ ಹೇಳಿದರು. ಅವಳು ಅವರನ್ನೂ ಅದೇ ಕಣ್ಣಿನಿಂದ ನೋಡಿದಳು. ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಆಗ ಎಲ್ಲರೂ ರೇಡಿಯೋಗೆ ಕಸೂತಿ ಹಾಕಿದ ಗೌಸು ಹೊಲಿಸುತ್ತಿದ್ದರು. ಅಂಥದೇ ಗೌಸು ಹೊಲಿದು, ಕಣ್ಣು ಇರುವ ಜಾಗಕ್ಕೆ ಮಾತ್ರ ಒಂದು ಪುಟ್ಟ ಸೆರಗು ಇಳಿಬಿಟ್ಟೆ. ಬೇಕೆಂದಾಗ ಎತ್ತಬಹುದು, ಬೇಡವೆಂದಾಗ ಬಿಡಬಹುದು. ಅವ್ವನಿಗೆ ಅದು ಬಹಳ ಹಿಡಿಸಿತು. "ಈಗ ಮರ್ಯಾದಸ್ಥ ಆತು ನೋಡು" ಎಂದು ರೇಡಿಯೋದ ತಲೆ ಸವರಿದಳು.

ತಿಂಗಳು ಕಳೆದಿರಬಹುದು, ಅವಳ ಗಂಡ ಒಬ್ಬನೇ ಬಂದ. ಗುಮಾಸ್ತರು ಅಂದೂ ಸ್ಟೂಲಿನ ಮೇಲಿದ್ದರು. ಮುದುಕ ಅತ್ತ ಇತ್ತ ನೋಡಿ ನನಗೆ ಕೈ ಮುಗಿದ.

"ಯವ್ವಾ, ನನ್ನ ಉಳಿಸು. ಸೆರಗು ಎತ್ತಿದ್ರ ಸ್ಟೇಷನ್ ಸಿಗತೈತಿ. ಎತ್ತಿದೆ ಅಂದ್ರ, ಈ ವಯಸ್ಸಿನಾಗ ನಿನಗ ಇದು ಬೇಕೇನು ಅಂತ ಊರು ಕೇಳಂಗ ಬೈತಾಳ."

ಹಾಡಿಲ್ಲದ ಕ್ಯಾಸೆಟ್ಟು

ಟೇಪ್‌ರೆಕಾರ್ಡರಿನ ಒಳಗಿನ ಧೂಳು ತೆಗೆಯಲು ಒಂದು ಕ್ಯಾಸೆಟ್ಟು ಬರುತ್ತಿತ್ತು. ಅದರಲ್ಲಿ ಹಾಡು ಇರುವುದಿಲ್ಲ. ಸುಮ್ಮನೆ ಹಾಕಿ ಓಡಿಸಿದರೆ ಒಳಗೆ ಒರೆಸಿಕೊಂಡು ಹೋಗುತ್ತದೆ. ಹಚ್ಚೊಳ್ಳಿಯ ಒಬ್ಬ ರೈತನಿಗೆ ಅದನ್ನು ಕೊಟ್ಟಾಗ ನಾನು ಇದನ್ನೆಲ್ಲ ಬಿಡಿಸಿ ಹೇಳಿದ್ದೆ. ಅವನು ಹೊರಗೆ ನಿಲ್ಲಿಸಿದ ಟ್ರ್ಯಾಕ್ಟರಿನ ಮೇಲೆ ಒಂದು ಕಣ್ಣಿಟ್ಟುಕೊಂಡು "ಹೂಂ ಹೂಂ" ಅಂದಿದ್ದ. ಟ್ರ್ಯಾಕ್ಟರಿನ ಸದ್ದಿಗೆ ಅರ್ಧ ಹಾರಿ ಹೋಗಿರಬೇಕು.

ಎರಡು ದಿನಕ್ಕೆ ಅದೇ ಟ್ರ್ಯಾಕ್ಟರು ಮತ್ತೆ ಬಂತು. ಈ ಸಲ ಹಿಂದಿನ ಟ್ರೈಲರಿನಲ್ಲಿ ಅವನ ಮನೆಯ ಜನವೆಲ್ಲ ಇದ್ದರು.

"ಹೊಸಾ ಕ್ಯಾಸೆಟ್ ತಂದೀನಿ ಅಂತ ಬೀಗರನ್ನ ಕರೆಸಿದ್ನೆರೀ. ಎಲ್ಲಾರೂ ಚಾಪಿ ಹಾಸ್ಕೊಂಡು ಕುಂತ್ವಿ. ಈಗ ಬರ್ತೈತಿ, ಈಗ ಬರ್ತೈತಿ ಅಂತ ಈ ಕಡೆದೂ ಕೇಳಿದ್ವಿ, ತಿರುವಿ ಆ ಕಡೆದೂ ಕೇಳಿದ್ವಿ. ಬರೇ ಸುಸ್ ಅಂತೈತಿ. ಮೋಸ ಮಾಡೀರಿ ನೀವು!"

ಜೊತೆಗೇ ಬಂದಿದ್ದ ಬೀಗರು ಟ್ರೈಲರಿನಿಂದಲೇ "ಹೌದು ಹೌದು" ಎಂದರು. ಓಣಿಯ ಜನ ಸೇರಿತು. ನಾನು ಮತ್ತೆ ಬಿಡಿಸಿ ಹೇಳಿದೆ. ಯಾರೂ ನಂಬಲಿಲ್ಲ. ಹಾಡಿಲ್ಲದ ಕ್ಯಾಸೆಟ್ಟನ್ನು ಹಾಡಿರುವುದಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬಂದಿರಲಿಲ್ಲ. ಅತ್ತ ಮೂಲೆಯಲ್ಲಿ ಗುಮಾಸ್ತರು ಕತ್ತು ಉದ್ದ ಮಾಡಿದ್ದರು. ಬೇಡಪ್ಪ ಈ ಗೋಳು ಎಂದು, ಅವನ ಕ್ಯಾಸೆಟ್ಟು ವಾಪಸು ಪಡೆದು ಹಾಡಿರುವ ಒಂದನ್ನು ಕೊಡಲು ಹೋದೆ. ಆಗ ಟ್ರೈಲರಿನಿಂದ ಒಬ್ಬ ಅಜ್ಜ ಕೋಲೂರಿಕೊಂಡು ಇಳಿದು ಬಂದು ನನ್ನ ಕೈ ಹಿಡಿದ.

"ಅದನ್ನ ಇಸ್ಕೋಬ್ಯಾಡಬೇ ಮಗಳ. ಆ ಪೆಟ್ಟಿಗಿ ನಮ್ಮ ಮನಿಗೆ ಬಂದಾಗಿಂದ ನಾ ಕಣ್ತುಂಬ ಮಲಗಿದ್ದು ಆವತ್ತ ಒಂದಿನ."

ಶ್ರುತಿ ಪೆಟ್ಟಿಗೆಯೂ ಹಿಟ್ಟಿನ ಗಿರಣಿಯೂ

ನಮ್ಮ ಓಣಿಯಲ್ಲೇ ಒಬ್ಬ ಸಂಗೀತದ ಮೇಷ್ಟ್ರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರಿಗೆ ನಮ್ಮ ಮನೆಯವರು ಕರೆಂಟಿನ ಶ್ರುತಿ ಪೆಟ್ಟಿಗೆ ತರಿಸಿಕೊಟ್ಟರು. ಆಗ ಅದು ಹೊಸದು. ಗುಂಡಿ ಒತ್ತಿದರೆ ತಾನೇ ತಾನಾಗಿ ಹೂಂ ಎಂದು ನುಡಿಯುತ್ತಲೇ ಇರುತ್ತದೆ. ಮೇಷ್ಟ್ರು ಮೊದಲ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದರು: "ಇದು ಉಸಿರು ತಗೊಳ್ಳಂಗಿಲ್ಲ. ಉಸಿರು ತಗೊಳ್ಳದವರನ್ನ ನಾನು ನಂಬೋದಿಲ್ಲ."

ಅವರ ಸಂಶಯ ನಿಜವೇ ಆಯಿತು. ನಮ್ಮ ಬಳ್ಳಾರಿಯ ಕರೆಂಟು ಹೇಗೆ ಎಂದು ಆಗ ಇದ್ದವರಿಗೆ ಗೊತ್ತು. ಮೇಷ್ಟ್ರ ಗೋಡೆಗೆ ಅಂಟಿಕೊಂಡೇ ಒಂದು ಹಿಟ್ಟಿನ ಗಿರಣಿ. ಸಂಜೆ ಮಕ್ಕಳು ಸ ಹಿಡಿದು ಕೂತ ಹೊತ್ತಿಗೇ ಗಿರಣಿಯವನು ಜೋಳ ಸುರಿದು ಮೋಟರು ಹಚ್ಚುತ್ತಿದ್ದ. ಬಲ್ಬು ಕೆಂಪಗಾಗುತ್ತಿತ್ತು, ಪೆಟ್ಟಿಗೆಯ ಶ್ರುತಿ ನಿಧಾನವಾಗಿ ಇಳಿಯುತ್ತಿತ್ತು. ಅದರ ಹಿಂದೆ ಮಕ್ಕಳೂ ಇಳಿಯುತ್ತಿದ್ದರು, ಮಕ್ಕಳ ಹಿಂದೆ ಮೇಷ್ಟ್ರೂ ಇಳಿಯುತ್ತಿದ್ದರು. ಎಲ್ಲರೂ ಸೇರಿ ಬಾವಿಯೊಳಗೆ ಇಳಿದ ಹಾಗೆ ಗೊಗ್ಗರು ದನಿಯಲ್ಲಿ ಹಾಡುತ್ತಿರುವಾಗ ಗಿರಣಿ ನಿಲ್ಲುತ್ತಿತ್ತು. ಪೆಟ್ಟಿಗೆ ಥಟ್ಟನೆ ಮೇಲೆ ಹಾರುತ್ತಿತ್ತು, ಇವರೆಲ್ಲ ಕೆಳಗೇ ಉಳಿಯುತ್ತಿದ್ದರು.

ಮೇಷ್ಟ್ರಿಗೆ ಇದು ಬೇಕೆಂದೇ ಮಾಡುವ ಕಿತಾಪತಿ ಎಂದು ಅನಿಸಿತು. ಒಂದು ದಿನ ನಮ್ಮ ಮನೆಯವರನ್ನೂ ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಗಿರಣಿಗೆ ಹೋದರು. ಯಾವಾಗಲೂ ಇರುವಂತೆ ಹಿಂದೆ ಗುಮಾಸ್ತರು.

"ಏನಪಾ, ನಾವು ಸ ಅಂದ ಕೂಡ್ಲೇ ನಿನ್ನ ಗಿರಣಿ ಹಚ್ತೀ. ನಮ್ಮ ಶ್ರುತಿ ಇಳಿಸಾಕ ಯಾರು ಹೇಳಿಕೊಟ್ಟಾರ ನಿನಗ?"

ಗಿರಣಿಯವನು ಮುಖದ ಮೇಲಿನ ಹಿಟ್ಟು ಒರೆಸಿಕೊಂಡು ಮೇಷ್ಟ್ರನ್ನೇ ದಿಟ್ಟಿಸಿದ. ಅವನೂ ಈ ಮಾತಿಗೆ ಕಾಯುತ್ತಿದ್ದ ಹಾಗಿತ್ತು.

"ಮೇಷ್ಟ್ರ, ಭಾಳ ದಿನದಿಂದ ನಾನೇ ನಿಮ್ಮನ್ನ ಕೇಳ್ಬೇಕಂತಿದ್ದೆ. ಆ ಪೆಟ್ಟಿಗಿ ಬಂದಾಗಿಂದ ನನ್ನ ಕಲ್ಲು ಜೋಳ ಸಣ್ಣಗ ಬೀಸವಲ್ದು. ರೊಟ್ಟಿ ಹರಿತಾವಂತ ಓಣಿ ಹೆಣಮಕ್ಕಳು ನನ್ನ ಬೈತಾರ. ಅಷ್ಟು ಕರೆಂಟು ನುಂಗಿ ನಿಮ್ಮ ಪೆಟ್ಟಿಗಿ ಬರೇ ಹೂಂ ಅಂತೈತಲ್ಲ, ಅದರ ಹೊಟ್ಯಾಗ ಏನೈತಿ ತೋರಸ್ರಿ!"

ಒಂದು ಕಿವಿಯ ವಯರು

ಇವೆಲ್ಲ ಸುದ್ದಿ ಸಿರುಗುಪ್ಪ ಮುಟ್ಟುತ್ತಿದ್ದವು. ಮುಟ್ಟುವ ಹೊತ್ತಿಗೆ ದಾರಿಯಲ್ಲಿ ಇನ್ನಷ್ಟು ದಪ್ಪವಾಗುತ್ತಿದ್ದವು. ಶ್ರಾವಣದಲ್ಲಿ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಆಸ್ಪತ್ರೆಗೆಂದು ಬಳ್ಳಾರಿಗೆ ಬಂದವರು ಅಂಗಡಿಯಲ್ಲಿ ಕೂತು ನೀರು ಕುಡಿದರು. ಅವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ.

"ತಂಗೀ, ಮುಳ್ಳು ಮಾರ್ತೀರಂತ, ಓಣ್ಯಾಗಿನ ಗಿರಣಿ ಕೆಡಿಸೀರಂತ. ಇವರಂತೂ ದೀಪಾವಳಿಗೆ ನಿಮ್ಮನ್ನ ಎಬ್ಬಿಸೇ ಬಿಡ್ತೀನಿ ಅಂತಾರ" ಎಂದರು. ಹೇಳಿದ್ದು ಕೆಟ್ಟ ಸುದ್ದಿ, ಮುಖದಲ್ಲಿ ಮಾತ್ರ ಎಂದೂ ಕಾಣದ ಕಳೆ. ನನಗೆ ಇದರ ಮೇಲೂ ಸಂಶಯ ಬಂತು.

"ಅಕ್ಕಾರ, ನೀವು ಆರಾಮ ಕಾಣ್ತೀರಿ."

"ಆರಾಮ ಅದೀನಿ ತಂಗಿ. ಇವರಿಗೆ ಕಿವಿ ಹೋಗ್ಯಾವ."

ನಾನು ಗಾಬರಿಯಾದೆ. ಅಕ್ಕ ನನ್ನ ಕಡೆಗೆ ಸರಿದು ಕೂತರು. ಉಗಾದಿ ಆದಮೇಲೆ ಭಾವನವರು ಕಿವಿಗೆ ಮಷೀನು ಹಾಕಿಕೊಂಡಿದ್ದಾರೆ, ಕಿವಿಯಿಂದ ಒಂದು ವಯರು ಇಳಿದು ಅಂಗಿಯ ಒಳಗೆ ಹೋಗುತ್ತದೆ, ಹಾಕಿಕೊಂಡರೂ ಏನೂ ಕೇಳಿಸುವುದಿಲ್ಲ. "ಮದುವಿ ಆದಾಗಿಂದ ಹೊಟ್ಯಾಗ ಇಟ್ಕೊಂಡದ್ದೆಲ್ಲಾ ಈಗ ಎದುರಿಗೇ ಕುಂತು ಹೇಳ್ತೀನಿ ತಂಗಿ. ಜಿಪುಣ ಅಂತೀನಿ, ಬೆಕ್ಕಿನ ಮ್ಯಾಲೂ ಸಂಶಯ ನಿಮಗ ಅಂತೀನಿ. ಮಗಳ ಮನಿಗೆ ಅಕ್ಕಿ ಕಳಸೀನಿ, ಏನ್ ಮಾಡ್ತೀರಿ ಅಂತೀನಿ. ನಕ್ಕೊಂತ, ತಾಳ ಹಾಕಿದಂಗ ತಲಿ ಅಲ್ಲಾಡಸ್ತಾರ. ಭಾಳ ಒಳ್ಳೇವರಾಗ್ಯಾರ."

ಪಾಪ ಎಂದುಕೊಂಡೆ. ನಮ್ಮ ಮನೆಯವರು ಪರದೆಯ ಹಿಂದಿನಿಂದ, "ಆ ಮಷೀನು ಕಳಿಸ್ರಿ ವೈನಿ, ನಾ ಬಿಚ್ಚಿ ನೋಡ್ತೀನಿ" ಎಂದರು. ಅಕ್ಕ ಕೈ ಆಡಿಸಿದರು. "ಮುಟ್ಟಾಕ ಬಿಡಂಗಿಲ್ಲಪ್ಪ. ನೀ ಸಾಮಾನು ಬದಲಿ ಮಾಡ್ತೀ ಅಂತ ಅವರಿಗೆ ಸಂಶಯ."

ಅತ್ತ ಗುಮಾಸ್ತರ ಕಿವಿ ವಯರಿನ ವ್ಯಾಪಾರ ನಿಂತಿರಲಿಲ್ಲ. ಬರಬರುತ್ತ ಹಳೆಯದನ್ನು ತಂದು, "ಇದು ಹರಿದೈತ್ರೀ, ಗಟ್ಟಿದು ಕೊಡ್ರಿ" ಎನ್ನತೊಡಗಿದರು. ಹರಿದ ವಯರುಗಳು ಘಮ್ಮೆಂದು ನಸ್ಯ ನಾರುತ್ತಿದ್ದವು. ಸಿರುಗುಪ್ಪದಲ್ಲಿ ನಮಗೆ ಎದುರಾಗಿ ಯಾರೋ ಅಂಗಡಿ ತೆಗೆಯುತ್ತಿದ್ದಾರೆ, ಈ ಮನುಷ್ಯ ಅವರಿಗೆ ನಮ್ಮ ಸಾಮಾನು ಸಾಗಿಸುತ್ತಿದ್ದಾನೆ ಎಂದು ನಾನು ತೀರ್ಮಾನ ಮಾಡಿದೆ. ಸಂಶಯ ಅನ್ನುವುದು ಅಂಟು ರೋಗ, ಅಷ್ಟು ಗಿರಾಕಿಗಳ ನಡುವೆ ಕೂತು ನನಗೂ ತಗುಲಿತ್ತು.

ದೀಪಾವಳಿ ಬಂದೇ ಬಂತು. ನೀರು ತುಂಬುವ ಹಬ್ಬದ ಹಿಂದಿನ ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಭಾವನವರು ಇಳಿದರು, ಕಿವಿಯಲ್ಲಿ ವಯರು. ಹಿಂದೆ ಅಕ್ಕ, ಗುಮಾಸ್ತರು, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಜವಳಿ ಸಾಹುಕಾರರು. ನ್ಯಾಯ ಹೇಳುವುದಕ್ಕೆ ಒಬ್ಬ ಹಿರಿಯರು ಬೇಕೆಂದು ದಾರಿಯಲ್ಲಿ ಕರೆದುಕೊಂಡು ಬಂದಿದ್ದು ಯಾರನ್ನು? ಕುರುಗೋಡಿನ ಗೌಡರನ್ನು!

ಎಲ್ಲರೂ ಭಾವನವರ ಜೊತೆ ಗಂಟಲು ಹರಿದುಕೊಂಡು ಮಾತಾಡುತ್ತಿದ್ದರು. "ಕುಂದರ್ರೀ ಭಾವಾರ!" ಎಂದು ನಾನೂ ಕೂಗಿದೆ. ಅವರು ಕೂರದೆ ನಡುವೆ ನಿಂತೇ ಶುರು ಮಾಡಿದರು.

"ಅಂಗಡಿ ಇಡಾಕ ಜಾಗಾ ಕೊಟ್ರ ತಮ್ಮ ಇಲ್ಲಿ ಜಾಲಿ ಮುಳ್ಳು ಮಾರ್ತಾನ. ರೇಡಿಯೋಕ ಸೆರಗು ಹಾಕ್ತಾರ. ಹಾಡಿಲ್ಲದ ಕ್ಯಾಸೆಟ್ ಕೊಟ್ಟು ಬೀಗರ ಮುಂದ ಒಬ್ಬನ ಮಾನ ಕಳದಾರ. ಒಂದು ಪೆಟ್ಟಿಗಿ ತಂದು ಗಿರಣಿ ನಿಲ್ಲಿಸ್ಯಾರ, ನಾಳೆ ನನ್ನ ಗಿರಣಿಗೂ ಬರ್ತಾರ! ಗೌಡ್ರ, ನೀವೇ ಹೇಳ್ರಿ."

"ಮುಳ್ಳು ಬದಲಿ ಮಾಡ್ಯಾರ, ಅದು ಖರೆ" ಎಂದರು ಗೌಡರು, ಮೀಸೆ ನೀವುತ್ತ.

ನಮ್ಮ ಮನೆಯವರು ಪರದೆ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ಅವರ ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು. ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಇಷ್ಟರಲ್ಲಿ ಜವಳಿ ಸಾಹುಕಾರರು ನಮ್ಮ ಗೋಳು ತಮಗೆ ಸಂಬಂಧವಿಲ್ಲ ಎನ್ನುವಂತೆ ಟೇಪಿನ ಒಂದು ತುದಿಯನ್ನು ಗೋಡೆಗೆ ಹಿಡಿ ಎಂದು ಗುಮಾಸ್ತರಿಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅಂಗಡಿ ಅಳೆಯುತ್ತ ಹಿಂದಕ್ಕೆ ಹಿಂದಕ್ಕೆ ನಡೆದರು. ಟೇಪು ಭಾವನವರ ಎದೆಯ ಮುಂದೆ ಹಾದು ವಯರಿಗೆ ಸಿಕ್ಕಿಕೊಂಡಿತು. ಸಾಹುಕಾರರು ನೋಡದೆ ಜಗ್ಗಿದರು.

ವಯರು ಅಂಗಿಯ ಒಳಗಿನಿಂದ ಕಿತ್ತುಕೊಂಡು ಬಂತು. ಅದರ ಹಿಂದೆಯೇ ಭಾವನವರ ಎದೆಯಿಂದ ಹಾಡು ಹೊರಬಿತ್ತು. ತೆಲುಗು ಸಿನಿಮಾದ ಹಾಡು. ಒಬ್ಬ ಹೆಣ್ಣುಮಗಳು ತಬಲಾ ಪಿಟೀಲುಗಳ ನಡುವೆ, ಯಾಕಿಷ್ಟು ತಡ ಮಾಡಿದೆ ಎಂದು ತನ್ನ ನಲ್ಲನನ್ನು ಕೊಂಕಿ ಕೊಂಕಿ ಕೇಳುತ್ತಿದ್ದಳು.

ಭಾವನವರು ಎರಡೂ ಕೈಯಿಂದ ಎದೆ ಅದುಮಿ ಹಿಡಿದರು. ಹಾಡು ನಿಲ್ಲಲಿಲ್ಲ, ಬೆರಳ ಸಂದಿಯಿಂದ ಬಂತು. ಗುಮಾಸ್ತರು ಟೇಪು ಹಿಡಿದುಕೊಂಡೇ ಗೋಡೆಯ ಕಡೆ ಮುಖ ತಿರುಗಿಸಿದರು. ನೆಲದ ಮೇಲೆ ಬಿದ್ದಿದ್ದ ವಯರು ನಾನು ಹೋದ ವಾರ ಮಾರಿದ್ದು. ಆ ನಸ್ಯದ ವಾಸನೆ ಯಾರದೆಂದು ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು.

ಎಲ್ಲರೂ ಬಾಯಿ ತೆರೆದು ನಿಂತಾಗ ಮುಂದೆ ಬಂದವರು ನಮ್ಮ ಮನೆಯವರು. ಅಣ್ಣನ ಎದೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿದರು. ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ, ಬರೀ ಕೆಲಸದ ಕಳೆ.

"ಅಣ್ಣಾ, ಸ್ಟೇಷನ್ ಸ್ವಲ್ಪ ಸರಿದೈತಿ. ಬ್ಯಾಟ್ರಿನೂ ಇಳಿದಾವ" ಎಂದು ಅಂಗಿಯೊಳಗೆ ಕೈ ಹಾಕಿ ತಿರುಪು ತಿರುಗಿಸಿದರು. ಹಾಡು ಸ್ವಚ್ಛವಾಗಿ, ದೊಡ್ಡದಾಗಿ ಅಂಗಡಿ ತುಂಬಿತು.

ಭಾವನವರು ರೇಡಿಯೋ ಆರಿಸಲು ಹೋದರು. ಗೌಡರು ಅವರ ಕೈ ಹಿಡಿದರು. "ಇರ್ಲಿ ಬಿಡ್ರಿ. ಮುಳ್ಳಿನ ನ್ಯಾಯ ಆಮ್ಯಾಲ ನೋಡೋಣು. ಹಾಡು ಮುಗೀಲಿ." ಜವಳಿ ಸಾಹುಕಾರರೂ ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡು ತಲೆಯಾಡಿಸುತ್ತ ನಿಂತರು.

ಹಾಡು ಮುಗಿದು ಮತ್ತೊಂದು ಶುರುವಾದಾಗ ಗುಮಾಸ್ತರು ಗೋಡೆಯ ಕಡೆ ನೋಡುತ್ತಲೇ ಭಾವನವರಿಗೆ ಹೇಳಿದರು: "ಸಾಹುಕಾರ್ರ, ಈ ಅಂಗಡಿ ಎಬ್ಬಿಸಿದ್ರ ವಯರು ಎಲ್ಲಿ ತರ್ಲಿರೀ? ಸಿರುಗುಪ್ಪದಾಗ ಸಿಗಂಗಿಲ್ರಿ."

ಭಾವನವರು ತಮ್ಮನ ಹೆಗಲ ಮೇಲೆ ಕೈಯಿಟ್ಟು, ಯಾರಿಗೂ ಕೇಳಿಸಬಾರದೆಂದು ಮೆಲ್ಲಗೆ ಹೇಳಿದರು: "ಅಂಗಡಿ ಇರ್ಲಿ. ಗಟ್ಟಿ ವಯರು ತರಿಸು." ಎಲ್ಲರಿಗೂ ಕೇಳಿಸಿತು. ನಾನು ಪರದೆಯ ಹಿಂದೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದೆ.

ಕಥೆ ಅಲ್ಲಿಗೇ ಮುಗಿಯಿತು ಎಂದು ನಾವು ತಿಳಿದದ್ದು. ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಗಂಡನ ಎದುರು ನಿಂತರು.

"ಅಂದ್ರ ನಿಮ್ಮ ಕಿವಿಗೆ ಏನೂ ಆಗಿಲ್ಲ."

ಭಾವನವರು ಜೇಬಿನಲ್ಲಿ ನಸ್ಯದ ಡಬ್ಬಿ ತಡಕಿದರು.

"ಉಗಾದಿಯಿಂದ ನಾ ಅಂದದ್ದೆಲ್ಲಾ ಕೇಳೀರಿ. ಜಿಪುಣ ಅಂದದ್ದೂ ಕೇಳೀರಿ, ಮಗಳ ಮನಿಗೆ ಅಕ್ಕಿ ಕಳಿಸಿದ್ದೂ ಕೇಳೀರಿ. ಕೇಳಿ, ತಾಳ ಹಾಕೀರಿ. ಹೌದೋ ಅಲ್ಲೋ, ಇಷ್ಟು ಜನರ ಮುಂದ ಈಗ ಹೇಳ್ರಿ!"

ಭಾವನವರು ಅಕ್ಕನನ್ನು ನೋಡಿದರು, ಗೌಡರನ್ನು ನೋಡಿದರು. ನಿಧಾನವಾಗಿ ಬಗ್ಗಿ ನೆಲದ ಮೇಲಿನ ವಯರು ಎತ್ತಿಕೊಂಡರು. ಧೂಳು ಒರೆಸಿ, ಒಂದು ತುದಿಯನ್ನು ಅಂಗಿಯೊಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಸಿಕ್ಕಿಸಿದರು. ಹಾಡು ಥಟ್ಟನೆ ನಿಂತಿತು. ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಅದರ ಹಿಂದೆ ಅಂಗೈ ಅಡ್ಡ ಹಿಡಿದು ಅಕ್ಕನ ಕಡೆ ವಾಲಿದರು.

"ಆಂ? ಏನಂದೀ? ಸ್ವಲ್ಪ ಜೋರಾಗಿ ಹೇಳು, ಕೇಳಸವಲ್ದು."